ಕೂಗಿದರೆ ಕೇಳುವ ಹೆಸರು

ಜನವರಿ 9, ಗುರುವಾರ

ಬೆಳಿಗ್ಗೆ ಇವರು ಅಡುಗೆಮನೆ ಬಾಗಿಲಲ್ಲಿ ನಿಂತು, "ಇವಳೇ, ಒಂದು ಲೋಟ ಮುಂಗೋಪಿ ಕೊಡೇ" ಅಂದರು.

ನನಗೆ ರೇಗಿತು. ಮುಂಗೋಪಿ ಅನ್ನುವುದು ಇವರು ಕಂಪನಿಗೆ ಸೇರಿದ ಹೊಸದರಲ್ಲಿ ಒಂದು ಮೆಣಸಿನಕಾಯಿ ತಳಿಗೆ ಇಟ್ಟ ಹೆಸರು. ನನ್ನನ್ನು ಕೆಣಕುವುದಕ್ಕೇ ಅಂದಿದ್ದಾರೆ ಅಂದುಕೊಂಡು, "ಮುಂಗೋಪಿ ನಿಮ್ಮೆದುರಿಗೇ ನಿಂತಿದೆ, ಲೋಟದಲ್ಲಿ ಹಿಡಿಸಲ್ಲ" ಅಂದೆ. ಇವರು ನಗಲಿಲ್ಲ. ಒಲೆಯ ಮೇಲಿದ್ದ ಚಹಾದ ಪಾತ್ರೆಯ ಕಡೆ ಬೆರಳು ತೋರಿಸಿದರು. ತುಟಿ ಅಲುಗಿತು, ಪದ ಬರಲಿಲ್ಲ. ಕೊನೆಗೆ, "ಅದೇ ಕಣೇ, ಮುಂಗೋಪಿ" ಅಂದರು.

ಇದು ಮೊದಲ ಸಲವಲ್ಲ. ಹೋದ ತಿಂಗಳು ದಿಂಬಿಗೆ ತುಂಬುಗೆನ್ನೆ ಅಂದಿದ್ದರು. ಅದು ಟೊಮೆಟೊ. ಕೊಡೆಗೆ ಉದ್ದಣ್ಣ ಅಂದರು. ಅದು ಪಡವಲಕಾಯಿ. ಎಲ್ಲವೂ ಇವರೇ ಇಟ್ಟ ಹೆಸರುಗಳು. ಬೀಜದ ಕಂಪನಿಯ ಮಾರಾಟ ವಿಭಾಗದಲ್ಲಿ ಮೂವತ್ತು ವರ್ಷ ಇವರು ಮಾಡಿದ್ದೇ ಈ ಕೆಲಸ. ವಿಜ್ಞಾನಿಗಳು ನಂಬರಿನ ಚೀಟಿ ಅಂಟಿಸಿ ಕಳಿಸಿದ ಕಾಯಿ ಇವರ ಮೇಜಿನಿಂದ ಎದ್ದು ಹೋಗುವಾಗ ಅದಕ್ಕೊಂದು ಹೆಸರು ಬಂದಿರುತ್ತಿತ್ತು.

ನಾನು ಅಚ್ಚುಕೂಟಕ್ಕೆ ಕರಡು ತಿದ್ದುವವಳು. ಈಗ ಮನೆಯಲ್ಲೇ ಕೂತು ತಿದ್ದುತ್ತೇನೆ. ಒಂದು ಕೊಂಬು ತಪ್ಪಿದರೂ ನನಗೆ ಕೈ ಕಡಿಯುತ್ತದೆ. ಅಂಥವಳ ಮನೆಯಲ್ಲಿ ಈಗ ದಿಂಬು ಟೊಮೆಟೊ ಆಗಿ ಕೂತಿದೆ. ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನಾದರೂ ಯಾರೂ ತಿದ್ದುವುದಿಲ್ಲ.

ಜನವರಿ 16, ಗುರುವಾರ

ಡಾಕ್ಟರ್ ಚಿತ್ರಗಳ ಕಟ್ಟು ತೆಗೆದು ಒಂದೊಂದನ್ನೇ ತೋರಿಸಿದರು. ಬಾಚಣಿಗೆ. ಇವರು "ತಲೆಗೆ" ಅಂದರು. ಕುರ್ಚಿ. "ಕೂರೋದು." ಬೀಗ. ಸುಮ್ಮನಾದರು. ಕಲ್ಲಂಗಡಿ ಬಂದಾಗ ಮುಖ ಅರಳಿತು. ಹಣ್ಣನ್ನು ತಟ್ಟಿ ನೋಡುವವರ ಹಾಗೆ ಗಾಳಿಯಲ್ಲಿ ಬೆರಳು ತಟ್ಟಿ, "ಇದು ಗೊತ್ತು, ಇದು ಗೊತ್ತು" ಅಂದರು. ಹೆಸರು ಮಾತ್ರ ಬರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕೂತೆ.

"ಇದು ಮರೆವಿನ ಕಾಯಿಲೆ ಅಲ್ಲಮ್ಮ" ಎಂದರು ಡಾಕ್ಟರ್. "ಯಾರು ಯಾರು, ಯಾವುದು ಏನು ಅಂತ ಇವರಿಗೆ ಗೊತ್ತಾಗುತ್ತೆ. ಹೆಸರು ಮಾತ್ರ ಹೋಗ್ತಾ ಇದೆ. ಮೊದ್ಲು ವಸ್ತುಗಳದ್ದು, ಆಮೇಲೆ ಜನರದ್ದು, ಆಮೇಲೆ ಉಳಿದ ಮಾತೂ."

"ಓದೋದು?"

"ಅಕ್ಷರ ಕಣ್ಣೆದುರಿಗಿದ್ರೆ ಇನ್ನೂ ಸ್ವಲ್ಪ ಕಾಲ ಓದ್ತಾರೆ. ಬರೆದಿರೋ ಹಾಗೇ ಓದ್ತಾರೆ. ಅರ್ಥ ಆಯ್ತೋ ಇಲ್ವೋ ಹೇಳೋಕಾಗಲ್ಲ."

ವಾಸಿಯಾಗುತ್ತದೆಯೇ ಎಂದು ಕೇಳಿದೆ. ಅವರು ಚಿತ್ರಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಾ ಕೂತರು. ಉತ್ತರ ಸಿಕ್ಕಿತು.

ಮಗಳು ಕಾರು ಓಡಿಸುತ್ತಾ, "ಕಂಪನಿಗೆ ಹೇಳಿಬಿಡೋಣ ಅಪ್ಪ. ಸಮ್ಮೇಳನಕ್ಕೆ ಬರಲ್ಲ ಅಂದುಬಿಡು" ಅಂದಳು. ಇವಳಿಗೆ ಎಲ್ಲದಕ್ಕೂ ಅವಸರ. ಇವರು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದು, "ಬೇಡ. ಅದು ಮುಗೀಲಿ" ಅಂದರು.

ಅದು ಕೃಷಿ ಮಾರಾಟದವರ ವಾರ್ಷಿಕ ಸಮ್ಮೇಳನ. ಬೀಜ, ಗೊಬ್ಬರ, ಟ್ರ್ಯಾಕ್ಟರು ಮಾರುವ ಎಲ್ಲ ಕಂಪನಿಗಳೂ ಸೇರುತ್ತವೆ. ಪ್ರತಿ ವರ್ಷ ಅಲ್ಲೇ ವೇದಿಕೆಯ ಮೇಲೆ ಕಂಪನಿಯ ಹೊಸ ತಳಿಯ ಮೇಲಿನ ಬಟ್ಟೆ ಸರಿಸಿ ಇವರು ಅದರ ಹೆಸರು ಹೇಳುತ್ತಾರೆ. ಅಲ್ಲಿಯವರೆಗೆ ಅದು ಕಂಪನಿಗೂ ಗುಟ್ಟು. ಈ ಸಲ ಕಲ್ಲಂಗಡಿ. ಜೊತೆಗೆ ಜೀವಮಾನ ಸಾಧನೆಯ ಪ್ರಶಸ್ತಿ. ಅದಾದ ಮೇಲೆ ನಿವೃತ್ತಿ.

ಮನೆಗೆ ಬಂದ ಮೇಲೆ ಬಹಳ ಹೊತ್ತು ಪದಗಳನ್ನು ಹೆಕ್ಕಿ ಇಷ್ಟು ಹೇಳಿದರು: "ಹೆಸರಿಡೋನಿಗೇ... ಹೆಸರು ಬರಲ್ಲ. ನಗ್ತಾರೆ. ಅದೊಂದು ಬೇಡ ಕಣೇ."

ನಗಬಾರದು. ಸಮ್ಮೇಳನ ಮುಗಿಯುವವರೆಗೆ ಒಬ್ಬನಿಗೂ ಗೊತ್ತಾಗಬಾರದು. ಆಮೇಲೆ ಏನಾದರೂ ಆಗಲಿ, ಇದೊಂದನ್ನು ನಾನು ಕಾಪಾಡಿಕೊಡುತ್ತೇನೆ.

ಜನವರಿ 18

ಪಾಠ ಶುರು ಮಾಡಿದ್ದೇನೆ. ದಿಂಬು ಹಿಡಿದು, "ಇದೇನು ಹೇಳಿ?" "ತುಂಬುಗೆನ್ನೆ." "ಅಲ್ಲ. ದಿಂಬು. ಹೇಳಿ, ದಿಂಬು." "ದಿಂಬು." ಹೀಗೆ ಅರ್ಧ ಬೆಳಿಗ್ಗೆ. ಸಂಜೆ ಮತ್ತೆ ಕೇಳಿದರೆ ತುಂಬುಗೆನ್ನೆ. ನಾನು ದಿಂಬನ್ನು ಮಂಚದ ಮೇಲೆ ಬಿಸಾಡಿದೆ. ಇವರು ಅದನ್ನು ಎತ್ತಿ, ತಟ್ಟಿ ಸರಿಮಾಡಿ, ನನ್ನ ಕಡೆಗೇ ಇಟ್ಟರು.

ಜನವರಿ 28, ಮಂಗಳವಾರ

ಸ್ಲೈಡು ಮನೆಗೆ ಬಂದಿದ್ದ. ಇವರ ವಿಭಾಗದ ಹೊಸ ಮುಖ್ಯಸ್ಥ. ನೀರು ಬೇಕು ಅನ್ನುವುದಕ್ಕೂ ಪರದೆಯ ಮೇಲೆ ಮೂರು ಸ್ಲೈಡು ತೋರಿಸುತ್ತಾನೆ ಎಂದು ಇವರೇ ಇಟ್ಟ ಹೆಸರು. ಎರಡೂ ಕೈಯಲ್ಲಿ ಕಲ್ಲಂಗಡಿ ಹಿಡಿದುಕೊಂಡು ಬಂದು ಊಟದ ಮೇಜಿನ ಮೇಲೆ ಇಟ್ಟ. ಒಳ್ಳೆಯ ಹಣ್ಣು, ದಟ್ಟ ಹಸಿರು, ಬೀಜ ಕಡಿಮೆಯಂತೆ.

"ಸರ್, ಏಜೆನ್ಸಿಯವರು ಸರ್ವೆ ಮಾಡಿ ಒಂದು ಹೆಸರು ಕೊಟ್ಟಿದ್ದಾರೆ, ಎಸ್‌ಎಂ ತೊಂಬತ್ತು ಗೋಲ್ಡ್ ಅಂತ. ಅದು ಇರ್ಲಿ ಬಿಡಿ. ಇದು ನಿಮ್ಮ ಕೊನೇ ಹೆಸರು. ಹಾಲ್ ಎದ್ದು ನಿಲ್ಬೇಕು ಸರ್."

ಇವರು ನಕ್ಕು ತಲೆದೂಗಿದರು. ತಲೆದೂಗುವುದು ಚೆನ್ನಾಗಿ ಬರುತ್ತದೆ. ಅವನಿಗೆ ಏನೂ ಗೊತ್ತಾಗಲಿಲ್ಲ.

ಅವನು ಹೋದ ಮೇಲೆ ಹಣ್ಣಿನ ಮುಂದೆ ಇಬ್ಬರೂ ಕೂತೆವು. ಇವರು ತಟ್ಟಿದರು, ಸವರಿದರು, ಮೂಸಿದರು. ಹಿಂದೆಲ್ಲ ಇಷ್ಟು ಮಾಡಿದರೆ ಸಾಕು, ಹೆಸರು ತಾನಾಗಿ ಬರುತ್ತಿತ್ತು. ಇವತ್ತು ಬರಲಿಲ್ಲ. ನಾನೇ ಹುಡುಕಿದೆ. ಸಿಹಿಗಡಿಗೆ ಅಂದೆ. ಮೂಗು ಮುರಿದರು. ಹಸಿರುಡುಗೆ. ಇನ್ನೂ ಮುರಿದರು. ತಂಪುರಾಣಿ ಅಂದೆ. ಸೋತವರ ಹಾಗೆ ಕೈ ಚೆಲ್ಲಿದರು. ಸರಿ, ತಂಪುರಾಣಿ. ನನಗೂ ಇಷ್ಟವಾಗಲಿಲ್ಲ, ಆದರೆ ಓದಲು ಸುಲಭ.

ಬೇರೆಯವರ ಹೆಸರುಗಳಿಗೆ ಇವರು ಒಂದೇ ಪರೀಕ್ಷೆ ಒಡ್ಡುತ್ತಿದ್ದರು: ಕೂಗಿದರೆ ಕೇಳಬೇಕು. ಅಂಗಡಿಯ ಆ ಕಡೆಯಿಂದ ಈ ಕಡೆಗೆ ಕೂಗಿದರೆ ಹೆಸರು ಮುರಿಯದೆ ಬಂದು ತಲುಪಬೇಕು. ಒಮ್ಮೆ ನಾನು ಜಗಳ ತೆಗೆದಿದ್ದೆ. "ಬದನೆಕಾಯಿಗೂ ಹೆಸರಿಟ್ರಿ, ನನಗೆ ಮಾತ್ರ ಮದುವೆಯಾದಾಗಿಂದ ಇವಳೇ! ನನಗೂ ಹೆಸರಿದೆ, ಬ್ಯಾಂಕಿನವರಿಗೆ ಮಾತ್ರ ಗೊತ್ತು." ಇವರು ಪೇಪರಿನಿಂದ ತಲೆಯೆತ್ತದೆ, "ಕೂಗಿದ್ರೆ ನಿಂಗೆ ಕೇಳುತ್ತೆ ತಾನೇ? ಮತ್ತೇನು?" ಅಂದಿದ್ದರು. ಆಗ ಸಿಟ್ಟು ಬಂದಿತ್ತು. ಇವತ್ತು ಯಾಕೋ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಫೆಬ್ರವರಿ 8, ಶನಿವಾರ

ಭಾಷಣ ನಾನೇ ಬರೆದೆ. ಗಿಡ್ಡ ವಾಕ್ಯಗಳು, ದಪ್ಪ ಅಕ್ಷರಗಳು. ಕೊನೆಯ ಸಾಲು ಒಂದು ಹಾಳೆಯ ತುಂಬ: ಇದರ ಹೆಸರು ತಂಪುರಾಣಿ. ಇವರು ಬೀರುವಿನ ಕನ್ನಡಿಯ ಮುಂದೆ ನಿಂತು ಓದಿದರು. ಎಲ್ಲೂ ಎಡವಲಿಲ್ಲ. ಅದೇ ಹಳೆಯ ತುಂಬು ದನಿ. ಕಣ್ಣು ಮುಚ್ಚಿ ಕೇಳಿದರೆ ಕಾಯಿಲೆಯೇ ಇಲ್ಲ.

"ಏನು ಓದಿದ್ರಿ, ಹೇಳಿ" ಅಂದೆ. ನನ್ನ ಮುಖ ನೋಡಿ ಮೆತ್ತಗೆ ನಕ್ಕರು.

ಹೋಗಲಿ, ಅರ್ಥ ಯಾರಿಗೆ ಬೇಕು. ಓದಿದರೆ ಸಾಕು. ಮತ್ತೆ ಮತ್ತೆ ಓದಿಸಿದೆ. ಅಷ್ಟರಲ್ಲಿ ನನ್ನ ಮುಂಗೋಪಿ ಆರಿ ತಣ್ಣಗಾಗಿತ್ತು.

ಫೆಬ್ರವರಿ 20, ಗುರುವಾರ

ಹೋಟೆಲಿಗೆ ಬಂದೆವು. ಕೋಣೆಯಲ್ಲಿ ಎಲ್ಲವೂ ಒಂದೇ ಬೂದು ಬಣ್ಣ. ಕಿಟಕಿ ತೆರೆಯಲು ಬರುವುದಿಲ್ಲ. ತುಂಬುಗೆನ್ನೆ ನಾಲ್ಕಿವೆ, ಒಂದೂ ತಲೆಗೆ ಹಿತವಾಗಿಲ್ಲ.

ಕೆಳಗೆ ನೋಂದಣಿಯ ಮೇಜಿನಲ್ಲಿ ಎಲ್ಲರ ಕೊರಳಿಗೂ ಒಂದೊಂದು ಬಿಲ್ಲೆ ಹಾಕುತ್ತಿದ್ದರು. ಇವರದರಲ್ಲಿ ಹೆಸರು, ಹುದ್ದೆ, ಕಂಪನಿ. ನನ್ನದರಲ್ಲಿ "ಜೊತೆಗೆ ಬಂದವರು" ಎಂದು ಮಾತ್ರ. "ಬಂದವರು" ಅನ್ನುವುದರಲ್ಲಿ ಸೊನ್ನೆ ಬಿಟ್ಟುಹೋಗಿ "ಬದವರು" ಆಗಿತ್ತು. ಪೆನ್ನು ತೆಗೆದು ಸೊನ್ನೆ ಹಾಕಿದೆ. ಮೇಜಿನ ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ಮಗಳು ಫೋನು ಮಾಡಿ, "ಅಮ್ಮ, ಆಗದಿದ್ರೆ ಎದ್ದು ಬಂದುಬಿಡಿ" ಅಂದಳು. ಯಾರು ಫೋನಿನಲ್ಲಿ ಎಂದು ಇವರು ಹುಬ್ಬಿನಲ್ಲೇ ಕೇಳಿದರು. ಮಗಳು ಅಂದೆ. ಒಂದು ಗಳಿಗೆ ಯೋಚಿಸಿ, "ಆತುರಗಾತಿ" ಅಂದರು. ಅದು ಬೇಗ ಕಾಯಿ ಬಿಡುವ ಸೌತೆ ತಳಿ. ಎಷ್ಟು ಸರಿಯಾಗಿದೆ ಅನ್ನಿಸಿ ನಗು ಬಂತು. ಆಮೇಲೆ ಹೊಳೆಯಿತು, ಜನರ ಹೆಸರೂ ಹೋಗಲು ಶುರುವಾಗಿದೆ. ನಗು ಅಲ್ಲೇ ನಿಂತಿತು.

ಫೆಬ್ರವರಿ 21, ಶುಕ್ರವಾರ

ಒಂದು ದಿನ ದಾಟಿತು.

ನಾನು ಸುಮ್ಮನೆ ಹೆದರಿದ್ದೆ. ಇವರು ಸಿಕ್ಕವರಿಗೆಲ್ಲ "ಏನ್ ಸಾಹೇಬ್ರೇ" ಅಂದರು. ಎಲ್ಲರೂ ತಾವೇ ಸಾಹೇಬರು ಅಂದುಕೊಂಡು ಹಿಗ್ಗಿದರು. ಮಿಕ್ಕದ್ದಕ್ಕೆ "ಅದೇ, ಆ ಥರದ್ದು, ನೋಡಿ, ಒಟ್ಟಾರೆ". ಒಬ್ಬರಿಗೂ ಅನುಮಾನ ಬರಲಿಲ್ಲ. ವೇದಿಕೆ ಮೇಲಿನವರೂ ಹಾಗೇ ಮಾತಾಡುತ್ತಿದ್ದರು. "ಒಂದು ರೀತಿಯ ಒಟ್ಟಾರೆ ಮೌಲ್ಯದ ಪಯಣ" ಎಂದು ಒಬ್ಬ ಅರ್ಧ ಗಂಟೆ ಕೊರೆದ. ಯಾವುದರ ಹೆಸರನ್ನೂ ಅವನು ಹೇಳಲಿಲ್ಲ, ಅವನಿಗೆ ಕಾಯಿಲೆಯೂ ಇರಲಿಲ್ಲ.

ಇನ್ನೊಂದು ಗೋಷ್ಠಿ "ರೈತನ ಮನಸ್ಸನ್ನು ಗೆಲ್ಲುವುದು ಹೇಗೆ". ಸಭಾಂಗಣದಲ್ಲಿ ರೈತ ಯಾರಾದರೂ ಇದ್ದಾರೆಯೇ ಎಂದು ಕತ್ತು ಹೊರಳಿಸಿ ನೋಡಿದೆ. ಒಬ್ಬನಿದ್ದ, ಬಾಗಿಲ ಪಕ್ಕ, ಆಳೆತ್ತರದ ರಟ್ಟಿನವನು. ಹಲ್ಲು ಬಿಟ್ಟುಕೊಂಡು ನಿಂತಿದ್ದ. ಎಲ್ಲರೂ ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಎದುರಂಗಡಿ ಸಿಕ್ಕಿದ್ದರು. ಇವರ ಪ್ರತಿಸ್ಪರ್ಧಿ ಕಂಪನಿಯಲ್ಲಿ ಇವರದೇ ಕೆಲಸ ಮಾಡುವವರು. ಸಮ್ಮೇಳನದಲ್ಲಿ ಇಬ್ಬರ ಮಳಿಗೆಗಳೂ ಯಾವಾಗಲೂ ಎದುರು ಬದುರು, ಅದಕ್ಕೇ ಎದುರಂಗಡಿ. "ಏನಯ್ಯಾ, ಈ ಸಲ ಏನ್ ಹೆಸರು ಬಚ್ಚಿಟ್ಟಿದ್ದೀಯ?" ಎಂದು ಇವರ ಬೆನ್ನಿಗೆ ಗುದ್ದಿದರು. ಇವರು ಅವರಿಗೂ "ಏನ್ ಸಾಹೇಬ್ರೇ" ಅಂದು, ಬೆರಳನ್ನು ತುಟಿಯ ಮೇಲಿಟ್ಟು ಕಣ್ಣು ಮಿಟುಕಿಸಿದರು. ಎದುರಂಗಡಿ ನಕ್ಕರು. ಆದರೆ ಹೋಗುವಾಗ ಒಮ್ಮೆ ತಿರುಗಿ ನೋಡಿದರು. ಅದು ನನಗೆ ಹಿಡಿಸಲಿಲ್ಲ.

ಫೆಬ್ರವರಿ 22, ಶನಿವಾರ

ಇವರು ಪಕ್ಕದಲ್ಲಿ ಮಲಗಿದ್ದಾರೆ, ಪರದೆ ಎಳೆದರೂ ಮಧ್ಯಾಹ್ನದ ಬೆಳಕು ಮುಖದ ಮೇಲಿದೆ. ಇವತ್ತೇ ಬರೆಯದಿದ್ದರೆ ಮುಂದೆಂದೂ ಬರೆಯಲಾರೆ.

ಬೆಳಿಗ್ಗೆ ಎಲ್ಲವೂ ಸರಿಯಾಗಿ ಶುರುವಾಯಿತು. ಪ್ರಶಸ್ತಿ ಕೊಟ್ಟರು, ಗಾಜಿನ ತೆನೆ. ಇವರು ಹಾಳೆ ತೆಗೆದು ಓದಿದರು. ಸಭೆ ಗಪ್‌ಚಿಪ್ಪಾಗಿ ಕೇಳಿತು. ನಾನು ಮೊದಲ ಸಾಲಿನಲ್ಲಿ ಕೂತು ಒಂದೊಂದು ಪದವನ್ನೂ ಇವರ ಜೊತೆ ನುಂಗುತ್ತಿದ್ದೆ. ಗೆದ್ದೆವು ಅಂದುಕೊಂಡೆ. ಇನ್ನು ಒಂದೇ ಸಾಲು.

ಕಲ್ಲಂಗಡಿಯನ್ನು ಬಟ್ಟೆ ಮುಚ್ಚಿ ಗಾಡಿಯಲ್ಲಿ ತಳ್ಳಿಕೊಂಡು ತಂದರು. ಇವರು ಬಟ್ಟೆಯ ತುದಿ ಹಿಡಿದರು. ಅಷ್ಟರಲ್ಲಿ ಇಡೀ ಸಭಾಂಗಣದ ದೀಪಗಳು ಹೋದವು.

ಕರೆಂಟು ಹೋಗಿದ್ದಲ್ಲ. ಸ್ಲೈಡಿನ ಉಪಾಯ. ಕತ್ತಲಲ್ಲಿ ಹಣ್ಣಿನ ಮೇಲೆ ಮಾತ್ರ ಒಂದು ಬೆಳಕು ಬಿದ್ದರೆ ಜನ ಬೆರಗಾಗುತ್ತಾರಂತೆ. ನಮಗೆ ಹೇಳಿರಲಿಲ್ಲ, ಇವರಿಗೂ ಆಶ್ಚರ್ಯವಾಗಲಿ ಎಂದು. ಹಣ್ಣು ಹೊಳೆಯುತ್ತಿತ್ತು. ಇವರು ನಿಂತ ಜಾಗ ಕಗ್ಗತ್ತಲು.

"ಇದರ ಹೆಸರು..." ಎಂದರು. ಅಷ್ಟು ಬಾಯಿಗೆ ಬಂದಿತ್ತು. ಹಾಳೆಯನ್ನು ಅತ್ತ ಇತ್ತ ತಿರುಗಿಸುವ ಸದ್ದು ಮೈಕಿನಲ್ಲಿ ಕೇಳಿಸಿತು. ನಾನು ತಂಪುರಾಣಿ, ತಂಪುರಾಣಿ ಎಂದು ತುಟಿ ಅಲುಗಿಸಿದೆ, ಕತ್ತಲಲ್ಲಿ ಯಾರಿಗೆ ಕಾಣಬೇಕು. ಕೂಗಿಬಿಡಬೇಕಿತ್ತು. ಕೂಗಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಕೂಗಲಿಲ್ಲ. ಹಿಂದೆ ಯಾರೋ ಕೆಮ್ಮಿದರು.

ಆಗ ಇವರು, "ಇವಳೇ" ಎಂದರು.

ಆ ದನಿ ನನಗೆ ಗೊತ್ತು. ಟವೆಲು ಮರೆತು ಬಚ್ಚಲಿಗೆ ಹೋದಾಗ ಕೂಗುವ ದನಿ. ಪೆನ್ನು ಸಿಗದಿದ್ದಾಗ, ಅಂಗಿಯ ಗುಂಡಿ ಕಿತ್ತಾಗ, ಜ್ವರ ಬಂದಾಗ ಕೂಗುವ ದನಿ. ಸಭೆ ಮಿಸುಕಲಿಲ್ಲ. ಇವರು ಇನ್ನೊಮ್ಮೆ, ಇನ್ನೂ ಉದ್ದವಾಗಿ, "ಇವಳೇ..." ಎಂದು ಕೂಗಿದರು.

ನಾನು ಎದ್ದು ನಿಂತೆ. ಬಂದೆ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು. ಆಮೇಲೆ ಇಡೀ ಸಭಾಂಗಣ. ದೀಪಗಳು ಬಂದವು. ಸ್ಲೈಡು ವೇದಿಕೆಗೆ ನೆಗೆದು ಇವರ ಕೈಯಿಂದ ಮೈಕು ತೆಗೆದುಕೊಂಡ.

"ಇವಳೇ! ಕೇಳಿದ್ರಾ? ಅಂಗಡೀಲಿ ಹತ್ತು ಹಣ್ಣು ಇರುತ್ತೆ. ತಟ್ತೀರಿ, ನೋಡ್ತೀರಿ, ಕೊನೆಗೆ ಒಂದರ ಮೇಲೆ ಕೈಯಿಟ್ಟು ಏನಂತೀರಿ? ಇವಳೇ! ಏನ್ ಹೆಸರು ಸರ್!"

ಎಲ್ಲರೂ ಎದ್ದು ನಿಂತರು. ಅವನು ಕೇಳಿದ್ದೂ ಅದೇ ತಾನೇ. ಇವರು ಕಣ್ಣು ಕಿರಿದು ಮಾಡಿಕೊಂಡು ಮೊದಲ ಸಾಲಿನಲ್ಲಿ ಹುಡುಕುತ್ತಿದ್ದರು. ನಾನು ಗಿಡ್ಡಿ. ನನ್ನ ಮುಂದೆ ಫೋಟೋದವರು ನುಗ್ಗಿದ್ದರು, ನಾನು ಇವರಿಗೆ ಕಾಣಲಿಲ್ಲ.

ಕೆಳಗಿಳಿದ ಮೇಲೆ ಸ್ಲೈಡು ಓಡಿ ಬಂದು, "ಆಂಟೀ, ನಿಮಗೆ ಈ ಹೆಸರು ಮೊದ್ಲೇ ಗೊತ್ತಿತ್ತು ಅಲ್ವಾ?" ಅಂದ.

"ಮೂವತ್ತು ವರ್ಷದಿಂದ ಗೊತ್ತಪ್ಪ" ಅಂದೆ. ದೊಡ್ಡದಾಗಿ ನಕ್ಕ.

ಯಾರಿಗೂ ಗೊತ್ತಾಗಲಿಲ್ಲ. ನಾನು ಬೇಡಿಕೊಂಡಿದ್ದೂ ಅದನ್ನೇ. ಕೋಣೆಗೆ ಬಂದು ನಲ್ಲಿ ಬಿಟ್ಟುಕೊಂಡು ಅತ್ತೆ.

ಫೆಬ್ರವರಿ 23, ಭಾನುವಾರ

ತಿಂಡಿಯ ಹೊತ್ತಿನಲ್ಲಿ ಎದುರಂಗಡಿ ತಟ್ಟೆ ಹಿಡಿದು ನಮ್ಮ ಮೇಜಿಗೆ ಬಂದರು. ಇವರು ಹಣ್ಣು ತರಲು ಎದ್ದು ಹೋದಾಗ ತಗ್ಗಿದ ದನಿಯಲ್ಲಿ ಕೇಳಿದರು.

"ಅತ್ತಿಗೆ, ನಿಮ್ಮನ್ನೇ ಕರೆದಿದ್ದಲ್ವಾ?"

ಚಮಚ ಕೈಯಿಂದ ಜಾರಿತು. "ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಾನು ನಿಮ್ಮನೇಲಿ ಎಷ್ಟು ಸಲ ಊಟ ಮಾಡಿಲ್ಲ? ಉಪ್ಪು ಬೇಕಾದಾಗ ಹಾಗೇ ಕೂಗೋದು ಇವನು."

ನಾನು ತಲೆ ತಗ್ಗಿಸಿದೆ. ಇದನ್ನು ಎದುರಂಗಡಿ ನಾಲ್ಕು ಜನರ ಕಿವಿಗೆ ಹಾಕಿದರೆ ನಮ್ಮ ಕಂಪನಿಯ ಮಾನ ಸಂಜೆಯೊಳಗೆ ಹರಾಜಾಗುತ್ತದೆ, ಅವರ ಮಳಿಗೆಗೆ ಒಳ್ಳೆಯ ವ್ಯಾಪಾರ.

"ಹೆದರ್ಬೇಡಿ" ಎಂದರು. "ನಾನು ಎದುರಂಗಡಿ, ಶತ್ರು ಅಲ್ಲ." ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಅವನಿಗೆ ನನ್ನ ಹೆಸರೂ ಬರ್ತಿಲ್ಲ ಅಂತ ಶುಕ್ರವಾರವೇ ಗೊತ್ತಾಯ್ತು. ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ನನ್ನನ್ನ ಸಾಹೇಬ್ರೇ ಅಂದೋನಲ್ಲ" ಅಂದರು. ಕಣ್ಣು ಒದ್ದೆಯಾಗಿತ್ತು. ಇವರು ತಟ್ಟೆ ತುಂಬ ಕಲ್ಲಂಗಡಿ ಹೋಳು ತಂದು ಅವರ ಮುಂದೆಯೇ ಇಟ್ಟರು.

ಮಾರ್ಚ್ 5, ಬುಧವಾರ

ಇವರು ಮನೆಯಲ್ಲೇ ಇದ್ದಾರೆ. ಗಾಜಿನ ತೆನೆ ಟಿವಿಯ ಪಕ್ಕ ಇದೆ, ಧೂಳು ಬೇಗ ಹಿಡಿಯುತ್ತದೆ.

ಊರಿಗೆ ಬಂದ ಮೇಲೆ ಇವರು ನನ್ನನ್ನು ಒಮ್ಮೆಯೂ ಕೂಗಿಲ್ಲ. ಮೊದಲು ಗಮನಕ್ಕೆ ಬರಲಿಲ್ಲ. ಇವತ್ತು ಬಚ್ಚಲಿನಿಂದ ಬಾಗಿಲು ಬಡಿದರು. ಓಡಿ ಹೋದರೆ, ಟವೆಲು. "ಕೂಗ್ಬಾರದಾ?" ಅಂದೆ. ನನ್ನ ಮುಖವನ್ನೇ ನೋಡಿದರು, ಬಾಯಿ ತೆರೆದರು, ಮುಚ್ಚಿದರು.

ಡಾಕ್ಟರಿಗೆ ಫೋನು ಮಾಡಿದೆ. ಹೀಗೂ ಆಗುತ್ತದಂತೆ, ಒಂದೊಂದು ಪದ ಇದ್ದಕ್ಕಿದ್ದಂತೆ ಹೋಗುತ್ತದಂತೆ. ನನ್ನ ಪಾಲಿಗೆ ಅದು ಹೋಗಿದ್ದಲ್ಲ. ನನಗಿದ್ದ ಒಂದೇ ಒಂದು ಹೆಸರನ್ನು ಇವರು ಕತ್ತಲಲ್ಲಿ ಆ ಸಭೆಗೆ ಕೊಟ್ಟು ಬಂದರು. ಅದನ್ನು ಈಗ ಕಲ್ಲಂಗಡಿ ಇಟ್ಟುಕೊಂಡಿದೆ. ಒಂದು ಹಣ್ಣಿನ ಮೇಲೆ ಇಷ್ಟು ಹೊಟ್ಟೆಕಿಚ್ಚು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ 20

ಮಳೆ. ಉದ್ದಣ್ಣನ ಕಡ್ಡಿ ಮುರಿದಿದೆ, ಇಬ್ಬರೂ ಅದರಡಿಯಲ್ಲೇ ಔಷಧಿ ಅಂಗಡಿಗೆ ಹೋಗಿ ಬಂದೆವು. ಇವರ ಬಲಭುಜ ತೊಯ್ದಿತು, ನನ್ನ ಎಡಭುಜ. ಬಂದು ಮುಂಗೋಪಿ ಕುಡಿದೆವು. ಮಳೆಯನ್ನು ನೋಡುತ್ತಾ ಕೂತೆವು.

ಮಾರ್ಚ್ 29

ಆತುರಗಾತಿ ಬಂದಿದ್ದಳು. ಊಟ ಬಡಿಸುವಾಗ, "ಅಮ್ಮ, ನೀನು ಈಗ ತಾನೇ ಏನಂದೆ?" ಎಂದು ಕೇಳಿದಳು. ಏನಂದೆನೋ ನೆನಪಾಗಲಿಲ್ಲ. ಇವಳಿಗೆ ಎಲ್ಲದರಲ್ಲೂ ಕೊಂಕು.

ಏಪ್ರಿಲ್ 6, ಭಾನುವಾರ

ನಿನ್ನೆ ಅಚ್ಚುಕೂಟದಿಂದ ಕರಡು ಬಂತು. ಕಂಪನಿಯ ಬೀಜದ ಪೊಟ್ಟಣಗಳನ್ನು ಯಾವಾಗಲೂ ನಾನೇ ತಿದ್ದುವುದು. ಇದೂ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಲಕೋಟೆ ಒಡೆದೆ. ಅರ್ಧ ಕೊಯ್ದ ಹಣ್ಣಿನ ಚಿತ್ರ, ಮೇಲೆ ದಪ್ಪ ಕೆಂಪು ಅಕ್ಷರಗಳಲ್ಲಿ ನನ್ನ ಹೆಸರು.

ಆತುರಗಾತಿ ನೋಡಿ ಕೆಂಡವಾದಳು. "ಅಪ್ಪ ಕತ್ತಲಲ್ಲಿ ಸಹಾಯಕ್ಕೆ ಕೂಗಿದ್ದು ಇದು! ಇದನ್ನ ಪೊಟ್ಟಣದ ಮೇಲೆ ಹಾಕಿ ಮಾರ್ತಾರಾ? ನೀನು ಪಾಸು ಮಾಡ್ಬೇಡ ಅಮ್ಮ. ನಿಜ ಹೇಳಿಬಿಡು. ಸಮ್ಮೇಳನ ಮುಗೀತಲ್ಲ, ಇನ್ಯಾರಿಗೆ ಹೆದರ್ಬೇಕು?"

ಅವಳು ಹೇಳಿದ್ದು ಸರಿ. ಇದು ತಪ್ಪು ಪದ. ತಪ್ಪು ಜಾಗಕ್ಕೆ ಬಂದು ಕೂತಿದೆ. ನನ್ನ ಕೆಲಸವೇ ಅದನ್ನು ಹೊಡೆದು ಹಾಕುವುದು. ಅವಳು ಹೊರಟ ಮೇಲೆ ಕೆಂಪು ಪೆನ್ನು ತೆಗೆದು ಊಟದ ಮೇಜಿಗೆ ಕೂತೆ. ಹೊಡೆದು ಹಾಕಿ, ಸ್ಲೈಡಿಗೆ ಫೋನು ಮಾಡಿ ಎಲ್ಲ ಹೇಳಿ, ತಂಪುರಾಣಿಯೋ ಗೋಲ್ಡೋ ಏನಾದರೂ ಇಟ್ಟುಕೊಳ್ಳಿ ಅನ್ನುವುದೆಂದು ನಿಶ್ಚಯ ಮಾಡಿದ್ದೆ.

ಇವರು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಒಂದು ವಾರದಿಂದ ಮಾತು ಬಹಳ ಕಡಿಮೆ. ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಹಣ್ಣಿನ ಚಿತ್ರದ ಮೇಲೆ ಬೆರಳು ತಟ್ಟಿ, ಮೇಲಿನ ಅಕ್ಷರಗಳನ್ನು ಓದಿದರು.

"ಇವಳೆ."

ಮೋಟಾಗಿ ನಿಂತಿತು. ಯಾರನ್ನೂ ಕರೆಯದ ದನಿ. ಯಾವುದೋ ಅಪರಿಚಿತ ಪದವನ್ನು ಓದಿದ ಹಾಗೆ ಓದಿ ಹಾಳೆಯನ್ನು ನನಗೆ ಮರಳಿಸಿದರು.

ಕನ್ನಡಕ ಮೇಲೆ ತಳ್ಳಿ ನೋಡಿದೆ. ಳೆ ಅಂತಲೇ ಇತ್ತು. ಚಿತ್ರ ಬರೆದವರು ದೀರ್ಘ ಬಿಟ್ಟಿದ್ದಾರೆ. ದೀರ್ಘವಿಲ್ಲದಿದ್ದರೆ ಅದು ಹೆಸರೇ ಅಲ್ಲ. ಕರೆಯುವಾಗ ದೀರ್ಘ ಬೇಕು, ಇಲ್ಲದಿದ್ದರೆ ಅಂಗಡಿಯ ಆ ಕಡೆಗೆ ಹೋಗಲಿ, ಈ ಮೇಜಿನ ಆ ಕಡೆಗೂ ಮುಟ್ಟುವುದಿಲ್ಲ.

ಪೆನ್ನಿನ ಮುಚ್ಚಳ ತೆಗೆದು ಳೆ ಪಕ್ಕದಲ್ಲಿ ದೀರ್ಘ ಹಾಕಿದೆ. ದೊಡ್ಡದಾಗಿ, ಸ್ಪಷ್ಟವಾಗಿ. ಅಂಚಿನಲ್ಲಿ "ಇದೊಂದೇ ತಪ್ಪು, ಉಳಿದದ್ದು ಸರಿಯಿದೆ, ಅಚ್ಚಿಗೆ ಹೋಗಬಹುದು" ಎಂದು ಬರೆದು ಸಹಿ ಮಾಡಿದೆ. ಬ್ಯಾಂಕಿನವರಿಗೆ ಗೊತ್ತಿರುವ ಹೆಸರಿನಲ್ಲಿ.

ಹಾಳೆಯನ್ನು ಮತ್ತೆ ಇವರ ಮುಂದೆ ಸರಿಸಿದೆ. ಇವರು ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಹಿಡಿದು, ಕೆಂಪು ದೀರ್ಘದವರೆಗೆ ಬಂದು, ಅದನ್ನೂ ಬಿಡದೆ ಎಳೆದು ಓದಿದರು.

"ಇವಳೇ..."

ಪಕ್ಕದಲ್ಲೇ ಕೂತಿದ್ದೆ. ಆದರೂ "ಬಂದೆ ರೀ" ಅಂದೆ.